ಮೀನಿನ ತಲೆ ಯಾರ ಕಡೆಗೆ

ಚೀನಾದಿಂದ ಬಂದವರು ಹೈದರಾಬಾದಿನ ಜೀಡಿಮೆಟ್ಲಾದಲ್ಲಿರುವ ನಮ್ಮ ಔಷಧಿ ಕಾರ್ಖಾನೆಯನ್ನು ನೋಡಿಕೊಂಡು ಹೋದ ಮರುದಿನ ಬೆಳಿಗ್ಗೆ ಅವರ ದುಭಾಷಿ ನನಗೆ ಫೋನು ಮಾಡಿದಳು. ಸಣ್ಣ ವಯಸ್ಸಿನ ಹೆಣ್ಣುಮಗಳು, ಇಂಗ್ಲಿಷನ್ನು ಒಂದೊಂದೇ ಪದ ತೂಗಿ ಆಡುವವಳು. ಶನಿವಾರ ಮಧ್ಯಾಹ್ನದ ಊಟಕ್ಕೆ ನಿಮ್ಮ ಮುಖ್ಯ ಕೆಮಿಸ್ಟ್ ಬರುತ್ತಾರಲ್ಲವೇ ಎಂದು ಕೇಳಿದಳು. ಮಾಲೀಕರು ಬರುತ್ತಾರೆ, ಮಾರಾಟದ ಅಧಿಕಾರಿ ಬರುತ್ತಾರೆ, ನಾನಂತೂ ಇದ್ದೇ ಇರುತ್ತೇನೆ ಎಂದೆ. ಅವಳು, "ನಮ್ಮ ಹಿರಿಯರು ಕೇಳಿದ್ದು ಅವರೊಬ್ಬರನ್ನೇ" ಎಂದಳು.

ನಮ್ಮ ಕೆಮಿಸ್ಟ್ ಸಾಹೇಬರು ಹೊರಗೆ ಊಟ ಮಾಡಿದ್ದನ್ನು ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ. ಬೀದರ ಕಡೆಯ ಲಿಂಗಾಯತ ಮನೆತನದವರು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಕ್ಯಾಂಟೀನಿಗೆ ಬಂದರೂ ಮನೆಯ ಬುತ್ತಿ, ಮನೆಯ ಸ್ಟೀಲ್ ತಟ್ಟೆ. ಇನ್ನೊಬ್ಬರು ತುಟಿ ಹಚ್ಚಿದ ಲೋಟವನ್ನು ಎಷ್ಟು ತೊಳೆದು ಕೊಟ್ಟರೂ ಅದರಲ್ಲಿ ನೀರು ಕುಡಿಯುವವರಲ್ಲ. ಬೇರೆಯವರ ಊಟದ ಬಗ್ಗೆ ಮಾತ್ರ ಅವರು ಎಂದೂ ಒಂದು ಮಾತು ಆಡಿದವರಲ್ಲ. ಅಂಥವರನ್ನು ಚೀನೀ ಊಟದ ಮೇಜಿಗೆ ಕೂರಿಸುವುದು ಹೇಗೆ ಎಂದು ನನಗೆ ದಿಗಿಲು ಹತ್ತಿತು.

ಕರೆದುಕೊಂಡು ಹೋಗದೆ ಗತಿಯೂ ಇರಲಿಲ್ಲ. ನಮ್ಮ ಮೂರನೇ ಬ್ಲಾಕಿನಲ್ಲಿ ತಯಾರಾಗುವ ಔಷಧಿಗೆ ಬೇಕಾದ ಕಚ್ಚಾ ಪುಡಿಯನ್ನು ಮೊದಲು ಕೊಡುತ್ತಿದ್ದವರು ಕೈಯೆತ್ತಿದ್ದರು. ಆ ಗುಣಮಟ್ಟದ ಪುಡಿ ಮಾಡುವವರು ಉಳಿದಿದ್ದರೆ ಈ ಚೀನಾದವರು ಮಾತ್ರ. ಇವರು ಒಪ್ಪದಿದ್ದರೆ ಬ್ಲಾಕಿಗೆ ಬೀಗ ಹಾಕುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು. ಆ ಬ್ಲಾಕಿನ ಪ್ರತಿಯೊಂದು ಕೊಳವೆ, ಪ್ರತಿಯೊಂದು ತಾಪಮಾನ ಕೆಮಿಸ್ಟ್ ಸಾಹೇಬರು ವರ್ಷಾನುಗಟ್ಟಲೆ ಕೂತು ಹೊಂದಿಸಿದ್ದು. ಔಷಧಿ ಬೇಯುವ ರಿಯಾಕ್ಟರುಗಳು ಖಾಲಿ ನಿಂತ ಮೇಲೂ ಅವರು ದಿನಾ ಬೆಳಿಗ್ಗೆ ಒಳಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದರು. ನೋಡುವವರಿಗೇ ಕಷ್ಟವಾಗುತ್ತಿತ್ತು.

ಪುಡಿ ಯಾರಿಗೆ ಕೊಡುವುದೆಂದು ಗೊತ್ತುಮಾಡಲು ಚೀನಾದ ತಂಡ ಊರಿನಲ್ಲಿ ಇನ್ನೂ ಕೆಲವು ಕಾರ್ಖಾನೆಗಳನ್ನು ನೋಡುವುದಿತ್ತು. ಅಲ್ಲಿಯವರೆಲ್ಲ ದೊಡ್ಡ ಹೋಟೆಲುಗಳಲ್ಲಿ ಔತಣ ಇಟ್ಟಿದ್ದರು. ನಮ್ಮ ಪಾಲಿಗೆ ಬಂದದ್ದು ಅವರು ಹೊರಡುವ ದಿನದ ಮಧ್ಯಾಹ್ನ. ಚೀನಾಕ್ಕೆ ಪತ್ರ ಬರೆಯುವ ಕೆಲಸ ಖರೀದಿ ವಿಭಾಗದ ನನ್ನದಾಗಿದ್ದರಿಂದ ಊಟದ ವ್ಯವಸ್ಥೆಯನ್ನೂ ನನ್ನ ತಲೆಗೇ ಕಟ್ಟಿದ್ದರು.

ಆ ತಂಡದ ಮುಖ್ಯಸ್ಥರಾದ ಹಿರಿಯರು ಕೆಮಿಸ್ಟರನ್ನೇ ಯಾಕೆ ಕೇಳಿದರೆಂದು ನನಗೆ ಗೊತ್ತಿತ್ತು. ಕಾರ್ಖಾನೆ ನೋಡಲು ಬಂದ ದಿನ ಆ ಮುದುಕರು ಲ್ಯಾಬಿನಲ್ಲಿದ್ದ ಹಳೆಯ ಬ್ಯಾಚಿನ ಔಷಧಿಯ ಹರಳುಗಳನ್ನು ಗಾಜಿನ ತಟ್ಟೆಯಲ್ಲಿ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹೋದರು. ನಮ್ಮ ಸಾಹೇಬರೂ ಹಿಂದೆಯೇ ಹೋದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ತಟ್ಟೆಯನ್ನು ಆ ಕಡೆ ಈ ಕಡೆ ಓಲಿಸುತ್ತ ತಲೆಯಾಡಿಸುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಹೊರಗೆ ಕಾಯುತ್ತಿದ್ದ ಮಾಲೀಕರ ತಾಳ್ಮೆ ಕೆಟ್ಟುಹೋಗಿತ್ತು.

ಸಾಹೇಬರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಮನುಷ್ಯಾ ಕರದಾನಂದ್ರ ಬರ್ತೀನಿ ತಂಗಿ. ಅವನಿಗೆ ಹರಳು ಗೊತ್ತೈತಿ. ಆದ್ರ ಒಂದ್ ಮಾತು. ನಾ ಕುಂತ ಮೇಜಿನ ಮ್ಯಾಲೆ ಮಾಂಸ ಮೀನು ಬಂತಂದ್ರ ಎದ್ದು ಬರ್ತೀನಿ. ಆಮ್ಯಾಲೆ ನನಗ ಅನಬ್ಯಾಡ."

"ಬ್ಲಾಕ್ ಹೋದರೂ ಏಳ್ತೀರೇನ್ರಿ ಸರ?" ಎಂದೆ.

"ಬ್ಲಾಕ್ ನಾ ಕಟ್ಟಿದ್ದು. ಇದು ನಮ್ಮಪ್ಪ ಕೊಟ್ಟಿದ್ದು," ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

ಸರಿ, ಪೂರ್ತಿ ಸಸ್ಯಾಹಾರದ ಊಟ ಎಂದು ನಿಶ್ಚಯಿಸಿದೆ. ಹಿಮಾಯತ್‌ನಗರದಲ್ಲಿ ಮಹಡಿಯ ಮೇಲೊಂದು ಚೀನೀ ಊಟದ ಹೋಟೆಲಿತ್ತು. ಅಲ್ಲಿ ಪ್ರತ್ಯೇಕ ಕೋಣೆ, ದುಂಡು ಮೇಜು, ಮೇಜಿನ ನಡುವೆ ತಿರುಗುವ ಗಾಜಿನ ತಟ್ಟೆ ಎಲ್ಲ ಇತ್ತು. ಆದರೆ ಆ ಜನರ ಊಟದ ರೀತಿನೀತಿ ನಮಗ್ಯಾರಿಗೂ ಗೊತ್ತಿರಲಿಲ್ಲ. ಅದೇ ರಸ್ತೆಯಲ್ಲಿ ನಾನು ಹುಬ್ಬು ತಿದ್ದಿಸಿಕೊಳ್ಳುತ್ತಿದ್ದ ಪಾರ್ಲರಿನ ಒಡತಿ ಚೀನೀ ಮೂಲದವರು. ಹುಟ್ಟಿ ಬೆಳೆದದ್ದೆಲ್ಲ ನಮ್ಮ ದೇಶದಲ್ಲೇ, ಆಡುವುದು ಅಪ್ಪಟ ಹೈದರಾಬಾದಿ ಹಿಂದಿ. ಅವರನ್ನೇ ಕೇಳೋಣವೆಂದು ಹೋಗಿ ಕುರ್ಚಿಯಲ್ಲಿ ಕೂತೆ.

ಅವರು ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಒಂದು ಹುಬ್ಬು ಮುಗಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿ ದಾರ ಬಿಟ್ಟು, "ಮಛ್ಲಿ ನೈ ತೋ ದಾವತ್ ಕೈಕಾ?" ಎಂದರು. ಮೀನಿಲ್ಲದ ಮೇಲೆ ಅದೆಂಥ ಔತಣ ಎಂದು. ಇಡೀ ಮೀನು ಬರಬೇಕು, ತಲೆಯಿಂದ ಬಾಲದವರೆಗೆ ಮುರಿಯದೆ. ಅದರ ತಲೆ ಎಲ್ಲರಿಗಿಂತ ದೊಡ್ಡ ಅತಿಥಿಯ ಕಡೆಗೆ ತಿರುಗಿರಬೇಕು. ಅವರು ಮುಟ್ಟುವ ತನಕ ಉಳಿದವರು ಮುಟ್ಟಬಾರದು. ಮೀನನ್ನು ಮಗುಚಿ ಹಾಕಬಾರದು. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಸತ್ತವರ ಮುಂದೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ. ತಟ್ಟೆ ಬರಿದು ಮಾಡಬಾರದು, ಸ್ವಲ್ಪ ಉಳಿಸಬೇಕು. ಉಳಿಸದಿದ್ದರೆ ಕರೆದವರು ಹೊಟ್ಟೆ ತುಂಬ ಬಡಿಸಲಿಲ್ಲ ಎಂದರ್ಥ. ಎಲೆಯಲ್ಲಿ ಅಗುಳು ಬಿಟ್ಟರೆ ಅಜ್ಜಿಯಿಂದ ಬೈಸಿಕೊಂಡು ಬೆಳೆದವಳು ನಾನು. ಗಾಬರಿಯಿಂದ ಹುಬ್ಬೇರಿಸಲು ಹೋದೆ. "ಹಿಲೋ ನಕ್ಕೋ," ಅಲುಗಾಡಬೇಡ ಎಂದು ಅವರು ಹಣೆ ಹಿಡಿದು ಒತ್ತಿದರು.

ಮೀನು ಇಡದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ನಿಮಗೆ ಇಷ್ಟೇ ಸಾಕು ಎಂದು ಅತಿಥಿಗೆ ಹೇಳಿದ ಹಾಗಾಗುತ್ತದೆ, ಹಳೆಯ ಕಾಲದ ಮನುಷ್ಯರಾದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದರು. ಇನ್ನೊಂದು ಹುಬ್ಬಿಗೆ ದಾರ ಹಚ್ಚುವಾಗ ಏನೋ ನೆನಪಾಗಿ ತಡೆದರು. ಅವರ ಅಜ್ಜಿ ತಿಂಗಳಿನ ಕೆಲವು ದಿನ ವ್ರತ ಹಿಡಿದು ಮಾಂಸ ಮುಟ್ಟುತ್ತಿರಲಿಲ್ಲವಂತೆ. ಆ ದಿನಗಳಲ್ಲಿ ಗಡ್ಡೆಗೆಣಸಿನಿಂದಲೇ ಮೀನಿನ ಆಕಾರ ಮಾಡಿ ಕರಿದು ಬಡಿಸುತ್ತಿದ್ದರಂತೆ.

ಒಂದು ಹುಬ್ಬಿನಲ್ಲೇ ಎದ್ದು ನಿಂತೆ. ಅಲ್ಲಿಂದ ನೇರ ಹೋಟೆಲಿನ ಅಡುಗೆಮನೆಗೆ ಹೋದೆ.

ಅಡುಗೆಯವರು ಕಲ್ಕತ್ತದ ಕಡೆಯವರು, ನನ್ನ ಮಾತು ಕೇಳಿ ಮೊದಲು ನಕ್ಕರು, ಆಮೇಲೆ ಹಟ ಹಿಡಿದು ನಿಂತರು. ಬೇಯಿಸಿದ ಬಟಾಟೆಗೆ ಪನೀರು ಪುಡಿಮಾಡಿ ಸೇರಿಸಿ, ಮೆಕ್ಕೆಜೋಳದ ಹಿಟ್ಟು, ಶುಂಠಿ ಹಾಕಿ ನಾದಿ ಮೀನಿನ ಆಕಾರಕ್ಕೆ ತಂದು ಎಣ್ಣೆಗೆ ಬಿಟ್ಟರು. ಬಾಣಲೆಯಲ್ಲಿ ಅದು ಸೊಂಟದ ಹತ್ತಿರ ಎರಡು ತುಂಡಾಯಿತು. ಎರಡನೆಯದಕ್ಕೆ ಹಿಟ್ಟು ಹೆಚ್ಚು ಹಾಕಿದರು, ಅದು ಒಡೆಯಲಿಲ್ಲ, ಆದರೆ ಹಲ್ಲಿಗೆ ರಬ್ಬರು. ನನಗೆ ನಮ್ಮ ಮನೆಯ ಕಡುಬು ನೆನಪಾಗಿ, ಅರಿವೆಯಲ್ಲಿ ಬಿಗಿಯಾಗಿ ಸುತ್ತಿ ಮೊದಲು ಹಬೆಯಲ್ಲಿ ಬೇಯಿಸಿ ನೋಡಿ ಎಂದೆ. ಹಬೆಯಲ್ಲಿ ಅದು ಗಟ್ಟಿಯಾಯಿತು. ಎಣ್ಣೆಯಲ್ಲಿ ಮುಳುಗಿಸುವ ಬದಲು ಅಡುಗೆಯವರು ಅದನ್ನು ಜಾಲರಿಯ ಮೇಲಿಟ್ಟು ಕುದಿಯುವ ಎಣ್ಣೆಯನ್ನು ಸೌಟಿನಿಂದ ಮೇಲೆ ಹೊಯ್ದರು. ಚರ್ಮ ಕೆಂಪಗೆ ಗರಿಗರಿಯಾಯಿತು. ಮೈಮೇಲೆ ಬಾದಾಮಿ ಚೂರುಗಳನ್ನು ಒಂದರ ಮೇಲೊಂದು ಹೊದಿಸಿ ಹುರುಪೆ ಮಾಡಿದರು. ಗಜ್ಜರಿಯ ರೆಕ್ಕೆ, ಕಾಳುಮೆಣಸಿನ ಕಣ್ಣು. ಮೇಲೆ ಹುಳಿಸಿಹಿ ಸಾರು ಹೊಯ್ದು ನನ್ನ ಮುಂದೆ ಇಟ್ಟಾಗ ನನಗೇ ಮೈ ಜುಂ ಎಂದಿತು. ಅಷ್ಟು ಮೀನಿನ ಹಾಗಿತ್ತು.

ಮಾಲೀಕರಿಗೆ ತೋರಿಸಿದೆ. ಅವರು ಗುಂಟೂರಿನ ಕಡೆಯವರು, ಮೀನು ಕೋಳಿ ಎಲ್ಲ ಬಲ್ಲವರು. ತಟ್ಟೆಯ ಸುತ್ತ ಒಂದು ಸುತ್ತು ಬಂದು ಭೇಷ್ ಎಂದರು. "ಇದು ಏನೆಂದು ಯಾರಿಗೂ ಹೇಳಬೇಡಿ. ಮೀನು ಬಂತು, ಮೀನು ಹೋಯಿತು, ಅಷ್ಟೇ" ಎಂದು ಅಪ್ಪಣೆ ಮಾಡಿದರು. ನಾನು ಸಾಹೇಬರಿಗೆ ಮುಂಚೆ ಹೇಳದಿರಲು ಬೇರೆ ಕಾರಣವಿತ್ತು. ಮೀನಿನ ಆಕಾರ ಎಂದು ಕೇಳಿದರೆ ಅವರು ಬರುವುದೇ ಇಲ್ಲ ಎಂಬ ಹೆದರಿಕೆ. ತಟ್ಟೆ ಒಳಗೆ ಬರುವ ಹೊತ್ತಿಗೆ ಕಿವಿಯಲ್ಲಿ ಹೇಳಿದರಾಯಿತು ಎಂದುಕೊಂಡೆ.

ಕೂರುವ ಜಾಗದ್ದು ಇನ್ನೊಂದು ರಾದ್ಧಾಂತ. ಮುಖ್ಯ ಅತಿಥಿ ಬಾಗಿಲಿಗೆ ಮುಖ ಮಾಡಿ ಕೂರಬೇಕು. ಆ ಕೋಣೆಯ ಬಾಗಿಲು ದಕ್ಷಿಣಕ್ಕಿತ್ತು. ಆಂಧ್ರದ ರಾಜಧಾನಿಗೆ ಆಗ ವಾಸ್ತುವಿನ ಹುಚ್ಚು ಹತ್ತಿದ್ದ ಕಾಲ. ನಮ್ಮ ಮಾಲೀಕರಂತೂ ಕಾರ್ಖಾನೆಯ ಗೇಟನ್ನೇ ಕಿತ್ತು ಬೇರೆ ಕಡೆ ಇಡಿಸಿದವರು. "ದಕ್ಷಿಣಮಾ?" ಎಂದು ಬಾಯಿ ತೆರೆದು ನಿಂತರು. ಯಮನ ದಿಕ್ಕಿಗೆ ಮುಖ ಮಾಡಿಸಿ ಅತಿಥಿಗೆ ಉಣ್ಣಿಸುವುದುಂಟೇ? ದುಭಾಷಿಗೆ ಫೋನು ಮಾಡಿ ಕೇಳಿದೆ. ದಕ್ಷಿಣವೇ ಅಲ್ಲವೇ ಎಲ್ಲಕ್ಕಿಂತ ಗೌರವದ ದಿಕ್ಕು, ಹಿಂದೆ ನಮ್ಮ ಅರಸರು ಆ ಕಡೆಗೇ ಮುಖ ಮಾಡಿ ಕೂರುತ್ತಿದ್ದರು ಎಂದು ಅವಳಿಗೇ ಆಶ್ಚರ್ಯ. ಮಾಲೀಕರು ಬಹಳ ಹೊತ್ತು ಯೋಚಿಸಿ, ಅವರ ಯಮ ಬೇರೆ ದಿಕ್ಕಿನಲ್ಲಿರಬಹುದು ಎಂದು ತೆಲುಗಿನಲ್ಲಿ ಗೊಣಗಿ ಒಪ್ಪಿಕೊಂಡರು. ತಾವು ಮಾತ್ರ ಉತ್ತರಕ್ಕೆ ಮುಖ ಬರುವ ಹಾಗೆ ಕುರ್ಚಿ ಹಾಕಿಸಿಕೊಂಡರು.

ಸಾಹೇಬರು ಈ ನಡುವೆ ಲ್ಯಾಬಿನಲ್ಲಿ ಎರಡು ಗಾಜಿನ ಕಡ್ಡಿ ಹಿಡಿದು ಶೇಂಗಾ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದರು. ಇಕ್ಕಳದಿಂದ ಹರಳು ಎತ್ತಿದ ಕೈ, ಬೇಗ ಕಲಿತರು. ನನ್ನ ಕಡ್ಡಿಯಿಂದ ಶೇಂಗಾ ಹಾರಿ ಅವರ ಚೊಕ್ಕ ಮೇಜಿನ ಮೇಲೆಲ್ಲ ಬಿದ್ದು ಬೈಸಿಕೊಂಡೆ.

ಶನಿವಾರ ಬಂತು. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಅವರಿಗೆಂದೇ ಹೊಸ ತಟ್ಟೆ, ಹೊಸ ಬಟ್ಟಲು ತಂದು ನನ್ನ ಕೈಯಾರೆ ತೊಳೆದು ಇಟ್ಟಿದ್ದೆ. ಮುದುಕರು ಬಾಗಿಲಿಗೆ ಮುಖ ಮಾಡಿ ಕೂತರು, ಬಲಗಡೆಗೆ ನಮ್ಮ ಸಾಹೇಬರನ್ನು ಕೈ ಹಿಡಿದು ಕೂರಿಸಿಕೊಂಡರು. ಎಡಗಡೆಗೆ ದುಭಾಷಿ. ಎದುರಿಗೆ ಮಾಲೀಕರು. ಬಾಗಿಲ ಹತ್ತಿರ ನಾನು.

ಮೊದಲು ಚಹಾ ಬಂತು. ಬಗ್ಗಿಸಿದ ಕೂಡಲೇ ಅತಿಥಿಗಳೆಲ್ಲ ಎರಡು ಬೆರಳಿನಿಂದ ಮೇಜನ್ನು ಟಕಟಕ ತಟ್ಟಿದರು. ಏನೋ ಬೇಕಾಗಿದೆ ಎಂದು ನಮ್ಮ ಮಾರಾಟದ ಅಧಿಕಾರಿ ಮಾಣಿಯನ್ನು ಕೂಗಿ ಗದರಿಸಿದರು. ಅದು ಧನ್ಯವಾದ ಹೇಳುವ ಪರಿ ಎಂದು ದುಭಾಷಿ ಮೆಲ್ಲಗೆ ತಿಳಿಸಿದಳು. ಪಾಪದ ಮಾಣಿ ಅಷ್ಟರಲ್ಲಿ ಎಲ್ಲರಿಗೂ ಎರಡನೇ ಸಲ ಬಗ್ಗಿಸಿದ್ದ, ಎಲ್ಲರೂ ಮತ್ತೆ ತಟ್ಟಿದರು. ಸೂಪನ್ನು ಅವರು ಸೊರ್ ಎಂದು ಎಳೆಯುವ ಸದ್ದಿಗೆ ಮಾಲೀಕರು ಚಮಚ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ನೋಡಿದರು.

ಅದೆಲ್ಲ ನನಗೆ ನಗೆ ತರಿಸುತ್ತಿತ್ತು. ಆದರೆ ಮುದುಕರು ಹೂಕೋಸಿನ ತುಂಡನ್ನು ತಾವು ಉಣ್ಣುತ್ತಿದ್ದ ಕಡ್ಡಿಗಳಿಂದಲೇ ಎತ್ತಿ ಎದ್ದು ನಿಂತು ಮಾಲೀಕರ ತಟ್ಟೆಗೆ ಹಾಕಿದಾಗ ನನ್ನ ನಗೆ ಇಂಗಿಹೋಯಿತು. ಬಡಿಸಲು ಬೇರೆ ಚಮಚಗಳಿದ್ದವು. ಹಳಬರು ಪ್ರೀತಿ ತೋರಿಸಲು ಹೀಗೇ ಮಾಡುತ್ತಾರೆ ಎಂದು ದುಭಾಷಿ ಹೇಳಿದಳು. ನಮ್ಮಲ್ಲಿ ಇದಕ್ಕೆ ಎಂಜಲು ಎನ್ನುತ್ತಾರೆ ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ? ಸಾಹೇಬರು ತಮ್ಮ ಬಟ್ಟಲನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ಆಗಲೇ ಬಾಗಿಲು ತೆರೆದು ಮೀನು ಬಂದುಬಿಟ್ಟಿತು. ಇನ್ನೂ ಎರಡು ಪದಾರ್ಥಗಳ ನಂತರ ಬರಬೇಕಾದದ್ದು. ಸಾಹೇಬರ ಕಿವಿಯಲ್ಲಿ ಹೇಳುವ ನನ್ನ ಲೆಕ್ಕಾಚಾರವೆಲ್ಲ ಹೊಳೆಗೆ ಹೋಯಿತು. ಮಾಣಿ ಮುಚ್ಚಳ ತೆಗೆದು, ನಾನು ಕಲಿಸಿದ ಹಾಗೆ ಮೀನಿನ ತಲೆಯನ್ನು ಮುದುಕರ ಕಡೆಗೆ ಮಾಡಿ ಇಟ್ಟ. ಮುದುಕರು ಅದನ್ನು ನೋಡಿದರು, ನಮ್ಮ ಸಾಹೇಬರನ್ನು ನೋಡಿದರು. ಮೆಲ್ಲಗೆ ಗಾಜಿನ ತಟ್ಟೆಯನ್ನು ಒಂದಿಷ್ಟು ತಿರುಗಿಸಿದರು. ಮೀನಿನ ತಲೆ ಸಾಹೇಬರ ಎದೆಗೆ ನೇರವಾಗಿ ನಿಂತಿತು.

ಈ ಮೇಜಿಗೆ ದೊಡ್ಡವರು ನೀವು, ನೀವೇ ಮೊದಲು ಎಂದು ಅದರ ಅರ್ಥ. ಅತಿಥಿಗಳೆಲ್ಲ ಕಡ್ಡಿ ಕೆಳಗಿಟ್ಟು ಕಾದರು.

ಸಾಹೇಬರು ಕುರ್ಚಿ ಹಿಂದೆ ತಳ್ಳಿ ಎದ್ದರು. ಮುಖ ಬಿಳಿಚಿತ್ತು. ತಮ್ಮ ಗೌರವಕ್ಕೆ ಎದ್ದರೆಂದು ತಿಳಿದು ಮುದುಕರೂ ಎದ್ದರು. ಮುದುಕರು ಎದ್ದದ್ದಕ್ಕೆ ಅವರ ತಂಡವೆಲ್ಲ ಎದ್ದಿತು, ಅವರು ಎದ್ದದ್ದಕ್ಕೆ ನಮ್ಮವರು ಎದ್ದರು. ಒಂದು ಬಟಾಟೆ ಉಂಡೆಯ ಸುತ್ತ ನಾವೆಲ್ಲ ನಿಂತುಕೊಂಡೆವು. ನಾನು ಓಡಿಹೋಗಿ ಸಾಹೇಬರ ಹಿಂದೆ ನಿಂತು, "ಸರ, ಬಟಾಟಿರಿ. ಬರೇ ಬಟಾಟಿ. ಕೂಡ್ರಿ," ಎಂದು ಪಿಸುಗುಟ್ಟಿದೆ. ಅವರು ತಿರುಗಿ ನೋಡಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ಹಾಗೇ ನಿಂತಿದ್ದರು.

ಅಷ್ಟರಲ್ಲಿ ಮುದುಕರು ಕಡ್ಡಿಯ ತುದಿಯಿಂದ ಮೀನಿನ ಬೆನ್ನನ್ನು ಒತ್ತಿ ನೋಡಿದರು. ಅವರ ಕೈ ನಿಂತಿತು. ದುಭಾಷಿಗೆ ಏನೋ ಕೇಳಿದರು. ಇದು ಯಾವ ಮೀನು ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಮಾಲೀಕರು ತಡವರಿಸದೆ, "ಕೃಷ್ಣಾ ನದಿಯ ಮೀನು, ಬಹಳ ವಿಶೇಷ" ಎಂದು ಗಟ್ಟಿಯಾಗಿ ಹೇಳಿದರು. ನನ್ನ ಕಡೆ ನೋಡಿ "ಚೆಪ್ಪಕಂಡಿ" ಎಂದರು. ಹೇಳಬೇಡಿ ಎಂದು.

ಮುದುಕರ ಮುಖದಲ್ಲಿ ನಗು ಇರಲಿಲ್ಲ. ಹರಳನ್ನು ಬೆಳಕಿಗೆ ಹಿಡಿದು ನೋಡುವ ಮನುಷ್ಯನಿಗೆ ಬಟಾಟೆ ಯಾವುದು, ಮೀನು ಯಾವುದು ಎಂದು ತಿಳಿಯದೇ? ಇನ್ನೊಂದು ಸುಳ್ಳು ಹೇಳಿದರೆ ನಾವು ಕೊಡುವ ಲ್ಯಾಬ್ ರಿಪೋರ್ಟನ್ನೂ ಇವರು ನಂಬಲಾರರು ಎಂದು ನನಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ಮಾಲೀಕರ ಕಣ್ಣು ನನ್ನ ಬೆನ್ನು ಸುಡುತ್ತಿದ್ದರೂ ದುಭಾಷಿಯ ಪಕ್ಕಕ್ಕೆ ಹೋಗಿ ಅವಳ ಕಿವಿಗೆ ಬಾಗಿದೆ. ಇದು ಬಟಾಟೆ. ನಿಮ್ಮ ಹಿರಿಯರು ಕರೆದ ಮನುಷ್ಯ ಮೀನಿದ್ದ ಮೇಜಿನಲ್ಲಿ ಕೂರುವುದಿಲ್ಲ. ಮೀನಿಲ್ಲದಿದ್ದರೆ ನಿಮ್ಮ ಹಿರಿಯರಿಗೆ ಅವಮಾನ ಎಂದು ತಿಳಿದವರು ಹೇಳಿದರು. ನನಗೆ ಇಬ್ಬರೂ ಬೇಕಾಗಿದ್ದರು, ಅದಕ್ಕೆ ಇದನ್ನು ಮಾಡಿಸಿದೆ. ಇಷ್ಟನ್ನು ಹೇಳಿ ಹಿಂದೆ ಸರಿದೆ.

ಅವಳು ಚೀನೀ ಭಾಷೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. ಮುದುಕರು ಮೀನನ್ನೇ ನೋಡುತ್ತ ಕೇಳಿದರು. ಆಮೇಲೆ ಮಾತಾಡಿದರು, ಬಹಳ ಹೊತ್ತು, ನಮ್ಮ ಸಾಹೇಬರ ಕಡೆಗೆ ತಿರುಗಿ. ದುಭಾಷಿ ಅದನ್ನು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು.

ಅವರು ಹುಟ್ಟಿದ್ದು ಗುಡ್ಡಗಾಡಿನ ಹಳ್ಳಿಯಲ್ಲಿ. ಅಲ್ಲಿ ಮೀನು ಸಿಗುತ್ತಿರಲಿಲ್ಲ, ಸಿಕ್ಕರೂ ಕೊಳ್ಳಲು ಕಾಸಿರಲಿಲ್ಲ. ಆದರೆ ಹೊಸ ವರ್ಷದ ದಿನ ಮೀನಿಲ್ಲದ ಮೇಜಿಗೆ ನೆಂಟರನ್ನು ಕರೆಯುವುದು ಹೇಗೆ? ಮನೆಯಲ್ಲೊಂದು ಮರದ ಮೀನಿತ್ತು. ಅದನ್ನು ತಟ್ಟೆಯಲ್ಲಿಟ್ಟು ಮೇಲೆ ಬಿಸಿ ಸಾರು ಹೊಯ್ದು ತಂದಿಡುತ್ತಿದ್ದರು. ನೆಂಟರು ಕಡ್ಡಿಯಿಂದ ಮುಟ್ಟಿ, ಬಹಳ ರುಚಿ ಎಂದು ಹೇಳುತ್ತಿದ್ದರು. ಹಬ್ಬ ಮುಗಿದ ಮೇಲೆ ತಾಯಿ ಅದನ್ನು ತೊಳೆದು ಎತ್ತಿಡುತ್ತಿದ್ದಳು. ಒಂದು ವರ್ಷ ಹಸಿವು ತಡೆಯಲಾರದೆ ಇವರು ಕದ್ದು ಅದನ್ನು ಕಚ್ಚಿದರು. ತಾಯಿ ಹೊಡೆದಳು. ಹೊಡೆದು ಅವಳೇ ಅತ್ತಳು. ಆ ಮೀನು ಈಗಲೂ ಮನೆಯಲ್ಲಿದೆ, ಅದರ ಬೆನ್ನ ಮೇಲೆ ಹಲ್ಲಿನ ಗುರುತಿದೆ.

"ಅಂದಿನಿಂದ ಬಾಯಿಗೆ ಬರದ ಆ ಮೀನನ್ನು ಇವತ್ತು ನೀವು ಇಟ್ಟಿದ್ದೀರಿ ಎನ್ನುತ್ತಾರೆ," ಎಂದಳು ದುಭಾಷಿ. "ಮೊದಲ ತುತ್ತು ನಿಮಗೇ ಸಲ್ಲಬೇಕಂತೆ."

ಹೇಳಿ ಮುಗಿಸುವಷ್ಟರಲ್ಲಿ ಮುದುಕರು ಕಣ್ಣಿನ ಕೆಳಗಿನ ಕೆನ್ನೆಯ ತುಂಡನ್ನು ತಮ್ಮ ಕಡ್ಡಿಗಳಿಂದ, ಅದೇ ಉಂಡ ಕಡ್ಡಿಗಳಿಂದ, ಬಿಡಿಸಿ ತೆಗೆದು ಸಾಹೇಬರ ಹೊಸ ಬಟ್ಟಲಿನಲ್ಲಿ ಇಟ್ಟುಬಿಟ್ಟರು. ಇಟ್ಟು ನಿಂತೇ ಇದ್ದರು. ಇದು ಇಲ್ಲಿಗೆ ಮುಗಿಯಿತು, ಬ್ಲಾಕಿಗೆ ಬೀಗ ಬಿತ್ತು ಎಂದು ನಾನು ನೆಲ ನೋಡಿದೆ.

ಕುರ್ಚಿ ಎಳೆದ ಸದ್ದಾಯಿತು. ಸಾಹೇಬರು ಕೂತಿದ್ದರು. ಬಟ್ಟಲನ್ನೇ ಸ್ವಲ್ಪ ಹೊತ್ತು ನೋಡಿದರು, ಕಣ್ಣು ಮುಚ್ಚಿಕೊಂಡರು. ತುಟಿ ಏನೋ ಆಡುತ್ತಿತ್ತು. ಆಮೇಲೆ ಕಡ್ಡಿ ತೆಗೆದುಕೊಂಡು ಆ ತುಂಡನ್ನು ಎತ್ತಿ ಬಾಯಲ್ಲಿಟ್ಟುಕೊಂಡು ಅಗಿದು ನುಂಗಿದರು. ಅಷ್ಟೇ ಅಲ್ಲ, ಅದೇ ಕಡ್ಡಿಗಳಿಂದ ಮೀನಿನ ಬೆನ್ನಿನ ಒಂದು ತುಂಡನ್ನು, ಹರಳು ಎತ್ತುವಷ್ಟು ಜೋಪಾನವಾಗಿ ಎತ್ತಿ ಮುದುಕರ ಬಟ್ಟಲಿಗೆ ಹಾಕಿದರು. ಮಾರಾಟದ ಅಧಿಕಾರಿ ಅವರನ್ನು ಮೊದಲ ಬಾರಿಗೆ ನೋಡುವವರ ಹಾಗೆ ನೋಡುತ್ತಿದ್ದರು.

ಆಮೇಲೆ ಊಟ ಊಟದ ಹಾಗೆ ನಡೆಯಿತು. ತಟ್ಟೆ ಬರಿದು ಮಾಡಬಾರದೆಂಬ ಮಾತು ನೆನಪಿಟ್ಟುಕೊಂಡು ನಾವೆಲ್ಲ ಅಜ್ಜಿಯರನ್ನು ಮರೆತು ಒಂದೊಂದು ತುತ್ತು ಉಳಿಸಿದೆವು. ಮೀನಿನ ತಟ್ಟೆಯಲ್ಲಿ ಮಾತ್ರ ಉಳಿದದ್ದು ಕಾಳುಮೆಣಸಿನ ಕಣ್ಣುಗಳು. ಮಿಕ್ಕ ಮೀನನ್ನೆಲ್ಲ ಮುದುಕರೇ ತಿಂದಿದ್ದರು. ನಾವು ಕಡಿಮೆ ಬಡಿಸಿದೆವು ಎಂದಾಯಿತೇ ಎಂದು ದುಭಾಷಿಯನ್ನು ಗಾಬರಿಯಿಂದ ಕೇಳಿದೆ. ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

ಹೊರಡುವ ಮೊದಲು ಮುದುಕರು ಮಾಲೀಕರ ಕೈ ಕುಲುಕಿ, ಮೊದಲ ಸರಕು ನಿಮ್ಮ ಕೆಮಿಸ್ಟರ ಹೆಸರಿಗೆ ಬರುತ್ತದೆ ಎಂದರು. ಕಾರು ತಿರುವಿನಲ್ಲಿ ಮರೆಯಾಗುವ ತನಕ ಮಾಲೀಕರು ಕೈ ಬೀಸಿದರು. ಆಮೇಲೆ ನನ್ನ ಕಡೆ ತಿರುಗಿ, ಮಾತು ಕೇಳದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಬೈದು, ನನಗೂ ಸಾಹೇಬರಿಗೂ ತಮ್ಮ ಕಾರನ್ನೇ ಕೊಟ್ಟು ಕಳಿಸಿದರು.

ಕಾರ್ಖಾನೆಗೆ ಹೋಗುವ ಮೊದಲು ಮಲ್ಕಾಜ್‌ಗಿರಿಯ ತಮ್ಮ ಮನೆಗೆ ಹೋಗಬೇಕೆಂದರು ಸಾಹೇಬರು. ನಾನು ಖುಷಿಯಲ್ಲಿ ತೇಲುತ್ತಿದ್ದೆ.

"ಬಟಾಟಿ ಮೀನು ಹ್ಯಾಂಗಿತ್ರಿ ಸರ? ಉಪ್ಪು ಸರಿ ಇತ್ತೇನ್ರಿ?"

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಇನ್ನೂ ಯಾಕ ಬಟಾಟಿ ಅಂತಿ ತಂಗಿ? ಕೆಲಸ ಆತಲ್ಲ. ಇನ್ನ ಖರೇ ಹೇಳಿದ್ರೂ ನಡೀತೈತಿ."

ನನಗೆ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಅವರ ಕಡೆಗೆ ತಿರುಗಿ ಕೂತೆ.

"ಖರೇನ ಬಟಾಟಿರ್ರಿ ಸರ. ನಾ ಕಿವ್ಯಾಗ ಹೇಳಿದೆನಲ್ರಿ."

"ಹೇಳಿದಿ. ನನ್ನ ಕುಂಡ್ರಸಾಕ ಹೇಳಾಕತ್ತೀ ಅಂತ ತಿಳಕೊಂಡೆ. ಮಾಲೀಕರು ಕೃಷ್ಣಾ ನದಿ ಮೀನು ಅಂದ್ರಲ್ಲ. ಅವರು ದಿನಾ ತಿನ್ನೋ ಮಂದಿ, ಅವರಿಗೆ ಗೊತ್ತಿರೂದಿಲ್ಲೇನು?"

"ಬಾಯಾಗ ಹಾಕ್ಕೊಂಡಾಗರ ತಿಳೀಲಿಲ್ಲೇನ್ರಿ?"

"ನನಗ ಮೀನಿನ ರುಚಿ ಏನು ಗೊತ್ತೈತಿ? ಮೀನಂದ್ರ ಬಟಾಟಿ ಹಂಗ ಇರತೈತಿ ಅಂದ್ಕೊಂಡೆ."

ನಗಬೇಕೆನಿಸಲಿಲ್ಲ. ಮೀನೆಂದೇ ತಿಳಿದು, ಎಂಜಲು ಕಡ್ಡಿಯಿಂದ ಬಂದದ್ದೆಂದು ನೋಡಿಯೂ, ಈ ಮನುಷ್ಯ ಅದನ್ನು ಬಾಯಲ್ಲಿಟ್ಟುಕೊಂಡಿದ್ದರು. ಅಡುಗೆಯವರ ಮೇಲೆ, ಅರಿವೆಯ ಮೇಲೆ, ಮೆಕ್ಕೆಜೋಳದ ಹಿಟ್ಟಿನ ಮೇಲೆ ಆಣೆ ಇಟ್ಟು ಹೇಳಿದೆ. ಬೇಕಾದರೆ ಕಾರು ತಿರುಗಿಸಿ ಅಡುಗೆಮನೆ ತೋರಿಸುತ್ತೇನೆ ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ ಕೊನೆಗೆ ನಂಬಿದರು. ಅವರ ಮುಖದಲ್ಲಿ ನಿರಾಳವಾದದ್ದು ಕಾಣುತ್ತದೆ ಎಂದು ಕಾದೆ. ಕಾಣಲಿಲ್ಲ.

ಮಲ್ಕಾಜ್‌ಗಿರಿಯಲ್ಲಿ ಮನೆಯ ಮುಂದೆ ಕಾರು ನಿಂತಿತು. ಅವರು ಹಿತ್ತಲ ಕಡೆಯಿಂದ ಒಳಗೆ ಹೋದರು. ತಲೆಯ ಮೇಲೆ ನೀರು ಹೊಯ್ದುಕೊಳ್ಳುವ ಸದ್ದು ಹೊರಗೆ ಕೇಳುತ್ತಿತ್ತು. ಅವರ ಹೆಂಡತಿ ನನಗೆ ನೀರು ತಂದುಕೊಟ್ಟು, ಈ ಹೊತ್ತಿನಲ್ಲಿ ಸ್ನಾನ ಯಾಕೆ ಎಂದು ಕೇಳಿದರು. ಕಾರ್ಖಾನೆಯಲ್ಲಿ ಏನೋ ಮೈಮೇಲೆ ಬಿತ್ತು ಎಂದೆ. ಒದ್ದೆ ಕೂದಲು, ಹೊಸದಾಗಿ ಹಚ್ಚಿದ ವಿಭೂತಿಯೊಂದಿಗೆ ಸಾಹೇಬರು ಹೊರಗೆ ಬಂದು ಕಾರಿನಲ್ಲಿ ಕೂತರು.

"ಬಟಾಟಿ ಅಂತ ನಂಬಿದ್ರಿ ಅಲ್ರಿ. ಮತ್ತ ಸ್ನಾನ ಯಾಕ್ರಿ ಸರ?"

"ನೀ ಮಾಡಿಸಿದ್ದು ಬಟಾಟಿ ತಂಗಿ. ನಾ ತಿಂದಿದ್ದು ಮೀನು."

ಎದ್ದು ಬರುತ್ತೇನೆ ಎಂದಿದ್ದರಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದೆ.

"ಎದ್ದಿದ್ದೆ. ಹೋಗೂದಷ್ಟ ಉಳಿದಿತ್ತು," ಎಂದರು. ಟವೆಲಿನಿಂದ ಕಿವಿ ಒರೆಸಿಕೊಂಡರು. "ಆ ಹುಡುಗನ ಹಲ್ಲಿನ ಗುರುತು ಕಣ್ಣಿಗೆ ಕಟ್ಟಿತು. ಕಟಿಗಿ ಕಚ್ಚಿದಾಂವ ಅವ. ಅಂಥಾವ ತನ್ನ ತುತ್ತು ನನಗ ಕೊಟ್ಟಾಗ ನಾ ಹ್ಯಾಂಗ ಹೋಗ್ಲಿ?"

ಕಾರು ರೈಲ್ವೆ ಗೇಟಿನ ಬಳಿ ನಿಂತಿತು. ಗಾಡಿ ದಾಟಿ ಹೋಯಿತು. ಗೇಟು ಎದ್ದ ಮೇಲೆ ಅವರು ಮುಂದಕ್ಕೆ ಬಾಗಿ, ಸ್ವಲ್ಪ ಜಲ್ದಿ ಹೊಡಿ ಎಂದು ಡ್ರೈವರಿಗೆ ಹೇಳಿದರು. ಕತ್ತಲಾಗುವ ಮೊದಲು ಮೂರನೇ ಬ್ಲಾಕಿನ ರಿಯಾಕ್ಟರುಗಳನ್ನು ತೊಳೆಸಬೇಕಾಗಿತ್ತು.